ವರ್ಷಕ್ಕೊಂದೇ ವೇದಿಕೆ ಸಾಕಾ? ಎಳೆಯ ಸಂಗೀತಗಾರರಿಗೆ ತಿಂಗಳಿಗೊಂದು ಸಂಜೆ ಮಾಡೋಣ ಅಂತಿದ್ದೀನಿ, ನಿಮ್ಮ ಅನುಭವ ಹೇಳಿ

ಪಿಟೀಲು ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಐದು ವರ್ಷದಿಂದ ಪಿಟೀಲು ಕಲಿಯುತ್ತಿರುವ ಹದಿಮೂರರ ಹುಡುಗಿ. ಒಂದು ವಾರ್ಷಿಕ ಕಾರ್ಯಕ್ರಮದಲ್ಲಿ ಅವಳಿಗೆ ಹತ್ತು ನಿಮಿಷ ಅಂತ ಹೇಳಿದ್ದರು. ಸಂಜೆ ಐದಕ್ಕೇ ಬಂದು ಕೂತಳು. ಭಾಷಣಗಳು ಬೆಳೆದವು. ಹತ್ತು ನಿಮಿಷ ಐದಾಯಿತು, ಆಮೇಲೆ "ಮೂರು ನಿಮಿಷದಲ್ಲಿ ಮುಗಿಸಮ್ಮ" ಅಂದರು. ವೇದಿಕೆ ಹತ್ತಿದಾಗ ಎಂಟೂವರೆ. ಅಷ್ಟು ಹೊತ್ತು ಎಸಿಯಲ್ಲಿ ಕೂತು ಬೆರಳು ಮರಗಟ್ಟಿತ್ತು. ಮೊದಲನೇ ದೀರ್ಘ ಸ್ವರಕ್ಕೆ ಕಮಾನು ಎಳೆದಳು ನೋಡಿ, ಕಮಾನಿನ ನಡು ಭಾಗ ತಂತಿಯ ಮೇಲೆ ಪುಟುಪುಟು ಕುಣಿಯತೊಡಗಿತು. ಮನೆಯಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ಮೈಕ್ ಆ ನಡುಕವನ್ನು ಕೊನೇ ಸಾಲಿನವರೆಗೂ ಮುಟ್ಟಿಸಿತು.

ಪರದೆ ಹಿಂದೆ ಕಮಾನಿನ ತಿರುಪು ಸಡಿಲಿಸುತ್ತಾ ಕೇಳಿದಳು: "ಮೇಷ್ಟ್ರೇ, ಇನ್ನೊಂದ್ಸಲ ಯಾವಾಗ?" ಅಳಲಿಲ್ಲ, ಕಾರಣ ಹೇಳಲಿಲ್ಲ, ಅಷ್ಟೇ ಕೇಳಿದಳು. ಮುಂದಿನ ವರ್ಷ ಅನ್ನುವುದು ಬಿಟ್ಟು ನನ್ನ ಹತ್ತಿರ ಉತ್ತರ ಇರಲಿಲ್ಲ.

ವರ್ಷಕ್ಕೊಮ್ಮೆ ನೀರಿಗಿಳಿದು ಈಜು ಕಲಿತವರನ್ನು ನಾನು ನೋಡಿಲ್ಲ. ದೊಡ್ಡ ಸಭಾಂಗಣ, ದೊಡ್ಡ ದೀಪ ನಮ್ಮ ಮಕ್ಕಳಿಗೆ ಹೇಗೋ ಆಗೊಮ್ಮೆ ಈಗೊಮ್ಮೆ ಸಿಕ್ಕೇ ಸಿಗುತ್ತದೆ. ಸಿಗದೇ ಇರುವುದು ಸಣ್ಣ ವೇದಿಕೆ, ಪದೇ ಪದೇ ಸಿಗುವ ವೇದಿಕೆ. ಮೂವತ್ತು ಜನ ಕೂರುವ ಒಂದು ಕೋಣೆ, ತಿಂಗಳಿಗೊಂದು ಸಂಜೆ, ಒಬ್ಬೊಬ್ಬರಿಗೆ ಎಂಟು ನಿಮಿಷ. ಹನ್ನೆರಡರಿಂದ ಇಪ್ಪತ್ತೊಂದು ವರ್ಷದೊಳಗಿನವರಿಗೆ. ಶಾಸ್ತ್ರೀಯ, ಸಿನಿಮಾ ಹಾಡು, ಬ್ಯಾಂಡು, ಸ್ವಂತ ರಚನೆ ಎಲ್ಲವೂ ಒಂದೇ ಸಂಜೆ. ಈ ಸಲ ಕೆಟ್ಟರೂ ಬರುವ ತಿಂಗಳು ಇದೆ ಅನ್ನುವ ಧೈರ್ಯ ಅವರಿಗಿರಬೇಕು.

ಇಂಥದ್ದನ್ನು ನಡೆಸಿದವರೂ ಹೇಳಿ, ನಡೆಸಲು ಹೋಗಿ ಕೈಬಿಟ್ಟವರೂ ಹೇಳಿ. ಕೈಬಿಟ್ಟವರ ಮಾತು ನನಗೆ ಇನ್ನೂ ಹೆಚ್ಚು ಬೇಕು.

ಹಳೇ ಶ್ರೋತೃ

ಮೇಷ್ಟ್ರೇ, ಆ ಮಗುವಿಗಾದ ನೋವು ಅರ್ಥವಾಗುತ್ತೆ. ಆದರೂ ನಲವತ್ತು ವರ್ಷ ಕಛೇರಿ ಕೇಳಿದ ಕಿವಿಯಿಂದ ಒಂದು ಮಾತು. ವೇದಿಕೆ ಅನ್ನೋದು ಗಳಿಸಿಕೊಳ್ಳಬೇಕಾದದ್ದು. ಆರು ತಿಂಗಳು ಕಲಿತವರನ್ನೆಲ್ಲ ತಿಂಗಳು ತಿಂಗಳು ಹತ್ತಿಸಿ ಚಪ್ಪಾಳೆ ಹೊಡೆದರೆ ಆ ಚಪ್ಪಾಳೆಗೆ ಬೆಲೆ ಎಲ್ಲಿ ಉಳಿಯಿತು? ಮಕ್ಕಳಿಗೆ ತಾವು ಎಲ್ಲಿದ್ದೇವೆ ಅನ್ನೋ ಅಳತೆಯೇ ತಪ್ಪುತ್ತೆ. ಕೇಳುವವರೂ ಎರಡು ಸಲ ಬಂದು ಮೂರನೇ ಸಲಕ್ಕೆ ನಿಲ್ಲಿಸ್ತಾರೆ. ಮೊದಲು ಸಿದ್ಧತೆ, ಆಮೇಲೆ ಸಭೆ.

ಮನಶ್ಶಾಸ್ತ್ರ ಪಾಠ ಮಾಡುವವಳು

ಹಳೇ ಶ್ರೋತೃ ಸರ್, ಸಿದ್ಧತೆ ಬೇಕು ಅನ್ನುವಲ್ಲಿ ನಾನು ನಿಮ್ಮ ಕಡೆ. ಆದರೆ ಸಿದ್ಧತೆಗೆ ಎರಡು ಮುಖ ಇದೆ, ಒಂದು ಮಾತ್ರ ಮನೆಯಲ್ಲಿ ಆಗುತ್ತೆ.

1965ರಲ್ಲಿ ರಾಬರ್ಟ್ ಝಾಯೊನ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ ಒಂದು ಮಾತು ಹೇಳಿದರು. ಬೇರೆಯವರು ನೋಡುತ್ತಿರುವಾಗ, ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತೆ. ಇನ್ನೂ ಕೈಗೆ ಹತ್ತದ ಕೆಲಸ ಎಂದಿಗಿಂತ ಕೆಡುತ್ತೆ. ಜನ ಇದ್ದಾಗ ಮೈ ಎಚ್ಚರವಾಗುತ್ತೆ, ಆ ಎಚ್ಚರ ನಮ್ಮಲ್ಲಿ ಯಾವುದು ಬಲವಾಗಿ ಬೇರೂರಿದೆಯೋ ಅದನ್ನು ಮುಂದೆ ತಳ್ಳುತ್ತೆ. ತಪ್ಪು ಬೇರೂರಿದ್ದರೆ ತಪ್ಪನ್ನೇ.

ಇದರಿಂದ ನೇರವಾಗಿ ಬರುವ ನಿಯಮ: ವೇದಿಕೆಗೆ ಈ ತಿಂಗಳು ಕಲಿತದ್ದು ಬೇಡ, ಆರು ತಿಂಗಳ ಹಿಂದೆ ಕಲಿತು ಆಗಿನಿಂದ ಬಿಡದೆ ನುಡಿಸುತ್ತಿರುವುದು ಬೇಕು. ನಾವು ಮಾಡೋದು ಇದಕ್ಕೆ ತಿರುಗುಮುರುಗು. ಕಾರ್ಯಕ್ರಮ ಬಂತು ಅಂದ ಕೂಡಲೇ ಮಗುವಿನ ಮಟ್ಟಕ್ಕಿಂತ ಮೇಲಿನದ್ದನ್ನು ಆರಿಸಿ ಎರಡು ವಾರದಲ್ಲಿ ತುರುಕುತ್ತೇವೆ.

ಎರಡನೇ ಮುಖ: ಜನರ ಮುಂದೆ ನಿಲ್ಲುವುದೂ ರೂಢಿಯಾಗಬೇಕಾದ ಕೆಲಸವೇ. ನಡೆದು ಬರೋದು, ಶ್ರುತಿ ನೋಡಿಕೊಳ್ಳೋದು, ಮೊದಲ ಉಸಿರು, ತಪ್ಪಾದಾಗ ನಿಲ್ಲದೆ ಮುಂದಕ್ಕೆ ಹೋಗೋದು. ಇವಿಷ್ಟೂ ಕೋಣೆಯಲ್ಲಿ ಒಬ್ಬರೇ ಅಭ್ಯಾಸ ಮಾಡಿ ಬರೋದಿಲ್ಲ.

ಗಾಯಕಿಯ ಅಪ್ಪ

ಮೇಡಂ, ನನ್ನ ಮಗಳು ಚೆನ್ನಾಗಿ ಹಾಡ್ತಾಳೆ, ಆದರೆ ಹಿಂದಿನ ದಿನವೇ ಹೊಟ್ಟೆನೋವು ಅಂತ ಮಲಗಿಬಿಡ್ತಾಳೆ. "ಹೆದರಬೇಡ, ಶಾಂತವಾಗಿರು" ಅಂತ ಎಷ್ಟು ಸಲ ಹೇಳಿದರೂ ಹೆಚ್ಚೇ ಆಗುತ್ತೆ. ಇಂಥ ಮಕ್ಕಳನ್ನ ತಿಂಗಳು ತಿಂಗಳು ನಿಲ್ಲಿಸಿದರೆ ಸರಿಹೋಗುತ್ತಾ, ಇಲ್ಲ ಸಂಗೀತವೇ ಬೇಡ ಅಂದುಬಿಡ್ತಾಳಾ? ನನಗೆ ನಿಜವಾಗಿ ಭಯ ಇದೆ.

ಮನಶ್ಶಾಸ್ತ್ರ ಪಾಠ ಮಾಡುವವಳು

ಸರ್, ನಿಮ್ಮ ಭಯ ಸುಳ್ಳಲ್ಲ. ಗ್ಲೆನ್ ಗೌಲ್ಡ್ ಅಂಥ ಪಿಯಾನೋ ವಾದಕರು 1964ರಲ್ಲಿ, ಮೂವತ್ತೊಂದನೇ ವಯಸ್ಸಿಗೇ ಕಛೇರಿ ವೇದಿಕೆ ಬಿಟ್ಟು ಧ್ವನಿಮುದ್ರಣಕ್ಕೆ ತಮ್ಮನ್ನು ಕೊಟ್ಟುಕೊಂಡರು. ಸಂಗೀತ ಇದ್ದವರಿಗೆಲ್ಲ ವೇದಿಕೆ ಇರಲೇಬೇಕು ಅಂತೇನಿಲ್ಲ. ಮಗಳೇ ಬೇಡ ಅಂದರೆ ಆ ಮಾತು ನಡೆಯಬೇಕು.

ಆದರೆ ಹಾಡೋ ಆಸೆ ಇದ್ದು ಭಯ ಅಡ್ಡ ಬರುತ್ತಿದ್ದರೆ, "ಶಾಂತವಾಗಿರು" ಅನ್ನೋದನ್ನ ನಿಲ್ಲಿಸಿ ನೋಡಿ. ಆಲಿಸನ್ ವುಡ್ ಬ್ರೂಕ್ಸ್ ಅನ್ನುವವರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಪರಿಚಿತರ ಮುಂದೆ ಹಾಡುವ ಮೊದಲು ಕೆಲವರು "ನನಗೆ ಆತಂಕ" ಅಂತ ಬಾಯಿಬಿಟ್ಟು ಹೇಳಬೇಕಿತ್ತು, ಕೆಲವರು "ನನಗೆ ಉತ್ಸಾಹ" ಅಂತ. ಉತ್ಸಾಹ ಅಂದವರ ಹಾಡು ಹೆಚ್ಚು ನಿಖರವಾಗಿತ್ತು. ಎದೆ ಹೊಡೆದುಕೊಳ್ಳೋದು ಎರಡಕ್ಕೂ ಒಂದೇ. ಓಡುತ್ತಿರುವ ಎದೆಯನ್ನ ಹಿಡಿದು ನಿಲ್ಲಿಸೋದು ಕಷ್ಟ, ಅದಕ್ಕೆ ಬೇರೆ ಹೆಸರಿಡೋದು ಅಷ್ಟು ಕಷ್ಟ ಅಲ್ಲ.

ಮೆಟ್ಟಿಲು ಸಣ್ಣದಿರಲಿ. ಮೊದಲ ತಿಂಗಳು ಬಂದು ಕೇಳಲಿ. ಎರಡನೇ ತಿಂಗಳು ಬೇರೊಬ್ಬರಿಗೆ ಶ್ರುತಿ ಹಿಡಿದು ಕೂರಲಿ. ಮೂರಕ್ಕೆ ಇಬ್ಬರು ಸೇರಿ ಹಾಡಲಿ. ಒಂಟಿಯಾಗಿ ಯಾವಾಗ ಅನ್ನೋದು ಅವಳ ತೀರ್ಮಾನ.

ಮಿಕ್ಸರ್ ಹಿಂದಿನವನು

ಹತ್ತೊಂಬತ್ತು ವರ್ಷದಿಂದ ಸೌಂಡ್ ಕೆಲಸ ಮಾಡ್ತಿದ್ದೀನಿ. ಮೇಷ್ಟ್ರು ಹೇಳಿದ ಕಮಾನಿನ ನಡುಕ ನಾನು ನೂರು ಸಲ ಕೇಳಿದ್ದೀನಿ. ಅದರಲ್ಲಿ ಅರ್ಧ ತಪ್ಪು ಮಗುವಿನದ್ದಾಗಿರಲ್ಲ, ನಮ್ಮ ಕಡೆಯವರದ್ದಾಗಿರುತ್ತೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತೀನಿ.

ಮೊದಲನೇದು, ಮೂವತ್ತು ಜನರ ಕೋಣೆಗೆ ಪಿಟೀಲು, ಕೊಳಲು, ಒಂಟಿ ಹಾಡು ಯಾವುದಕ್ಕೂ ಮೈಕ್ ಬೇಡ. ನಿಜಕ್ಕೂ ಬೇಡ. ಮೈಕ್ ಇಲ್ಲದಾಗ ಮಗುವಿಗೆ ಮನೆಯಲ್ಲಿ ಕೇಳುವ ತನ್ನದೇ ನಾದ ಕೇಳುತ್ತೆ. ಸ್ಪೀಕರಿಂದ ಬೇರೆ ಯಾವುದೋ ನಾದ ಹೊರಟು ಬಂದಾಗಲೇ ಅರ್ಧ ಮಕ್ಕಳು ಗಾಬರಿಯಾಗೋದು.

ಗಿಟಾರ್ ಜೊತೆ ಹಾಡೋರಿಗೆ ಮೈಕ್ ಬೇಕಾಗಬಹುದು. ಆಗ ಬಾಯಿ ಮೈಕ್‌ಗೆ ಹತ್ತಿರ ಇರಲಿ. ದೂರ ಎರಡರಷ್ಟಾದರೆ ಮೈಕ್‌ಗೆ ಸಿಗೋ ಶಬ್ದ ಸುಮಾರು 6 ಡೆಸಿಬಲ್ (ಶಬ್ದದ ಜೋರಿನ ಅಳತೆ) ಇಳಿಯುತ್ತೆ, ಅದನ್ನ ತುಂಬೋಕೆ ನಾನು ವಾಲ್ಯೂಮ್ ಏರಿಸಬೇಕು, ಆಗ ಕುಯ್ ಅಂತ ಫೀಡ್‌ಬ್ಯಾಕ್ ಶುರು. ತೆರೆದ ಮೈಕ್‌ಗಳು ಎರಡು ಪಟ್ಟಾದ ಹಾಗೆಲ್ಲ, ಕುಯ್ ಅನ್ನದ ಹಾಗೆ ಏರಿಸಬಹುದಾದ ವಾಲ್ಯೂಮ್‌ನಲ್ಲಿ ಇನ್ನೊಂದು 3 ಡೆಸಿಬಲ್ ಕೈತಪ್ಪುತ್ತೆ, ಅದಕ್ಕೆ ಉಪಯೋಗಿಸದ ಮೈಕ್ ಮುಚ್ಚಿರಬೇಕು. ಸ್ಪೀಕರ್ ಯಾವಾಗಲೂ ಹಾಡೋರಿಗಿಂತ ಮುಂದೆ ಇರಲಿ, ಜನರ ಕಡೆ ಮುಖ ಮಾಡಿ. ಇನ್ನೊಂದು, ಮೈಕ್ ತಲೆಯ ಜಾಲರಿಯನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿಯೋದು. ಹಾಡುಗಾರರ ಮೈಕ್ ಹಿಂದಿನಿಂದ ಬರೋ ಶಬ್ದವನ್ನ ತಳ್ಳಿಹಾಕೋ ಹಾಗೆ ಮಾಡಿರ್ತಾರೆ. ಜಾಲರಿ ಮುಚ್ಚಿದರೆ ಆ ಗುಣವೇ ಹೋಗುತ್ತೆ. ಮಕ್ಕಳಿಗೆ ಇದನ್ನ ಐದು ನಿಮಿಷ ತೋರಿಸಿದರೆ ಸಾಕು, ಜೀವನಪೂರ್ತಿ ನೆನಪಿಡ್ತಾರೆ.

ದೊಡ್ಡ ವೇದಿಕೆಯಲ್ಲಿ ತಾಳ ಯಾಕೆ ತಪ್ಪುತ್ತೆ ಗೊತ್ತಾ? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ಡ್ರಮ್ ಬಾರಿಸೋನು ಹತ್ತು ಮೀಟರ್ ಆಚೆ ಕೂತಿದ್ದರೆ ಅವನ ಪೆಟ್ಟು ಈ ಕಡೆ ಹಾಡೋನಿಗೆ ಸುಮಾರು 29 ಮಿಲಿಸೆಕೆಂಡ್ ತಡವಾಗಿ ಕೇಳುತ್ತೆ. ಇವನು ಕಾಯ್ತಾನೆ, ಅವನು ಇವನಿಗೋಸ್ಕರ ಕಾಯ್ತಾನೆ, ಹಾಡು ಕುಂಟುತ್ತೆ. ಸಣ್ಣ ಕೋಣೆಯಲ್ಲಿ ಒಬ್ಬರಿಗೊಬ್ಬರು ಎರಡು ಮೀಟರ್‌ನಲ್ಲಿ ಕೂತರೆ ಈ ತೊಂದರೆಯೇ ಇಲ್ಲ, ಕಣ್ಣಲ್ಲೇ ಮಾತಾಡಬಹುದು.

ಸೌಂಡ್ ಚೆಕ್ ಹೊತ್ತಿಗೆ ಖಾಲಿ ಕೋಣೆ ಗುಂಯ್‌ಗುಟ್ಟುತ್ತೆ ಅಂತ ಹೆದರಬೇಡಿ. ಜನರ ಮೈ, ಬಟ್ಟೆ ಎಲ್ಲ ಪ್ರತಿಧ್ವನಿಯನ್ನ ಹೀರಿಕೊಳ್ಳುತ್ತೆ. ತುಂಬಿದ ಮೇಲೆ ಅದೇ ಕೋಣೆ ಒಣಗಿದ ಹಾಗೆ ಕೇಳುತ್ತೆ. ಇದನ್ನ ಮಕ್ಕಳಿಗೆ ಮುಂಚೇನೇ ಹೇಳಿಡಿ, ಇಲ್ಲದಿದ್ದರೆ "ನನ್ನ ದನಿ ಎಲ್ಲಿ ಹೋಯ್ತು" ಅಂತ ನಡುವೆ ಕಿರುಚೋಕೆ ಶುರು ಮಾಡ್ತಾರೆ.

ಕುರ್ಚಿ ವಿಷಯ. ನಲವತ್ತು ಜನ ಬರಬಹುದು ಅನ್ನಿಸಿದರೆ ಮೂವತ್ತೇ ಹಾಕಿ, ಉಳಿದದ್ದು ಗೋಡೆಗೆ ಒರಗಿಸಿಡಿ. ಹಾಕಿದ ಕುರ್ಚಿ ಖಾಲಿ ಕಂಡರೆ ನುಡಿಸೋರ ಕಣ್ಣು ಪದೇ ಪದೇ ಅಲ್ಲಿಗೇ ಹೋಗುತ್ತೆ.

ಹದಿನೇಳರ ಡ್ರಮ್ಮರ್

ಎಲ್ಲ ಅಂಕಲ್, ಆಂಟಿಯರಿಗೂ ನಮಸ್ಕಾರ. ನಮ್ಮ ಪರವಾಗಿ ಮಾತಾಡ್ತಿದ್ದೀರ, ಖುಷಿಯಾಯ್ತು. ನಮ್ಮ ವಯಸ್ಸಿನವರು ಒಬ್ಬರೂ ಬರೆದಿಲ್ಲ ಅಂತ ನಾನು ಬರೀತಿದ್ದೀನಿ.

ಮೂರು ವಿಷಯ ಕೇಳ್ಕೋತೀನಿ. ಇದನ್ನ "ಮಕ್ಕಳ ಕಾರ್ಯಕ್ರಮ" ಅಂತ ಕರೀಬೇಡಿ, ಹದಿನೇಳು ಹದಿನೆಂಟರವರು ಯಾರೂ ಬರಲ್ಲ. ಹಾಡು ನಾವೇ ಆರಿಸೋ ಹಾಗಿರಲಿ. ಆಮೇಲೆ, ಕೇಳೋಕೆ ಬಂದವರು ಕೇಳಲಿ. ಹೋದ ವರ್ಷ ಒಂದು ಕಡೆ ನುಡಿಸಿದ್ವಿ, ಮುಂದಿನ ಎರಡು ಸಾಲಿನವರು ತಮ್ಮ ಮನೆ ಹುಡುಗನ ಸರದಿ ಮುಗಿದ ತಕ್ಷಣ ಎದ್ದು ಹೋದರು. ನಮ್ಮ ಕೊನೇ ಹಾಡಿಗೆ ಏಳು ಜನ ಇದ್ದರು. ನಾನು ಎಣಿಸಿದ್ದೆ.

ನಡೆಸೋ ಕೆಲಸದಲ್ಲೂ ನಮ್ಮನ್ನ ಸೇರಿಸಿ. ಪಟ್ಟಿ ಮಾಡೋದು, ನಿರೂಪಣೆ, ಕೇಬಲ್ ಸುತ್ತೋದು. ಸೌಂಡ್ ಅಣ್ಣ ಮಿಕ್ಸರ್ ಕಲಿಸಿದರೆ ನಾನಂತೂ ಪ್ರತಿ ತಿಂಗಳು ಬರ್ತೀನಿ.

ಮಿಕ್ಸರ್ ಹಿಂದಿನವನು

ಬಾರಪ್ಪ, ಕಲಿಸ್ತೀನಿ. ಮೊದಲ ಪಾಠ ಕೇಬಲ್ ಸುತ್ತೋದೇ. ಒಂದು ಸುತ್ತು ಮೇಲಿಂದ, ಮುಂದಿನ ಸುತ್ತು ಕೆಳಗಿಂದ, ಆಗ ತಿರುಚಿಕೊಳ್ಳಲ್ಲ. ಆದರೆ ಸಣ್ಣ ಕೋಣೆಗೆ ಪೂರ್ತಿ ಡ್ರಮ್ ಸೆಟ್ ತರಬೇಡ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹಾಕಿದ ಮಿತಿ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬಲ್. ನಾಲ್ಕು ಗೋಡೆ ಮಧ್ಯೆ ಜೋರಾಗಿ ಬಾರಿಸಿದರೆ ಅಲ್ಲಿಗೆ ಮುಟ್ಟೋಕೆ ಹೊತ್ತು ಬೇಕಿಲ್ಲ. ಕೋಲಿನ ಬದಲು ಬ್ರಷ್ ತಾ, ಇಲ್ಲ ಕಹೋನ್ ತಾ, ಅದೇ ಮೇಲೆ ಕೂತು ಕೈಯಲ್ಲಿ ಬಾರಿಸೋ ಮರದ ಪೆಟ್ಟಿಗೆ. ಮೆಲ್ಲಗೆ ಬಾರಿಸುತ್ತಾ ತಾಳ ಬಿಗಿಯಾಗಿ ಹಿಡಿಯೋದು ಜೋರಾಗಿ ಬಾರಿಸೋದಕ್ಕಿಂತ ದೊಡ್ಡ ವಿದ್ಯೆ.

ಬೀದಿ ಗಿಟಾರ್

ಫ್ರಾನ್ಸಲ್ಲಿ 1982ರಿಂದ ಜೂನ್ 21ಕ್ಕೆ ಸಂಗೀತದ ದಿನ ಮಾಡ್ತಾರೆ. ಕಲಿಯೋರು, ವೃತ್ತಿಯವರು ಎಲ್ಲ ಬೀದಿಗೆ ಬಂದು ಉಚಿತವಾಗಿ ನುಡಿಸ್ತಾರೆ. ದೇಶದಲ್ಲಿ ಸುಮಾರು 50 ಲಕ್ಷ ಜನ ವಾದ್ಯ ನುಡಿಸ್ತಾರೆ ಅಂತ ಆಗ ಒಂದು ಸಮೀಕ್ಷೆಯಲ್ಲಿ ಗೊತ್ತಾಗಿತ್ತಂತೆ, ಇವರೆಲ್ಲ ಎಲ್ಲಿ ನುಡಿಸಬೇಕು ಅನ್ನೋ ಪ್ರಶ್ನೆಯಿಂದ ಹುಟ್ಟಿದ್ದು ಅದು. ಈಗ ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತೆ. ನಾವೂ ಬಯಲಿಗೆ ಬರೋಣ.

ಪಿಟೀಲು ಮೇಷ್ಟ್ರು

ಬರೋಣ, ಖಂಡಿತ. ಆದರೆ ಬಯಲು ಆಮೇಲೆ. ಹೋಗಿ ಬರುವವರ ನಡುವೆ ನುಡಿಸುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ಕೂತು ಕೇಳುವ ಮೂವತ್ತು ಜನ ಮೊದಲು ಸಿಗಲಿ.

ಪುಸ್ತಕದ ಕಪಾಟು

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಜಾಗ ಕೇಳಲು ಬರುವವರನ್ನು ಮೇಜಿನ ಈಚೆಯಿಂದ ನೋಡಿದ್ದೇನೆ. ಹೆಚ್ಚಿನವರು "ಒಂದು ಸಂಗೀತ ಕಾರ್ಯಕ್ರಮ ಮಾಡ್ತೀವಿ, ಹಾಲ್ ಕೊಡಿ" ಅಂತಾರೆ. ಕೊಡುವವರ ತಲೆಯಲ್ಲಿ ಆಗ ಓಡುವುದೇ ಬೇರೆ. ಬೀಗ ಯಾರು ಹಾಕ್ತಾರೆ? ಎಷ್ಟೊತ್ತಿಗೆ ಮುಗಿಯುತ್ತೆ? ಕುರ್ಚಿ ಯಾರು ಎತ್ತಿಡ್ತಾರೆ? ಮಕ್ಕಳನ್ನು ಕರೆದುಕೊಂಡು ಹೋಗಲು ಯಾರೂ ಬರದಿದ್ದರೆ ಕಾಯುವವರು ಯಾರು?

ಒಂದು ಪುಟದಲ್ಲಿ ಇವಕ್ಕೆಲ್ಲ ಉತ್ತರ ಬರೆದು ತಂದವರಿಗೆ ನಾನು ಇಲ್ಲ ಅಂದ ನೆನಪಿಲ್ಲ. ವರ್ಷಪೂರ್ತಿ ಬೇಕು ಅನ್ನಬೇಡಿ, ಮೂರು ತಿಂಗಳು ನೋಡೋಣ ಅನ್ನಿ. ಆರಕ್ಕೆ ಶುರು, ಏಳೂವರೆಗೆ ಮುಗಿತು, ಏಳು ಮುಕ್ಕಾಲಿಗೆ ದೀಪ ಆರಿತು, ಹೀಗೆ ಮೂರು ಸಲ ಆದರೆ ನಾಲ್ಕನೆಯದಕ್ಕೆ ನಾವೇ ಕರೆಯುತ್ತೇವೆ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಹದಿನೆಂಟರ ಕೆಳಗಿನವರು ಇರುವಾಗ ಕೋಣೆಯಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರಿರಬೇಕು. ಒಬ್ಬರೇ ದೊಡ್ಡವರು ಒಂದೇ ಮಗುವಿನ ಜೊತೆ ಬಾಗಿಲು ಹಾಕಿದ ಕೋಣೆಯಲ್ಲಿ ಅಭ್ಯಾಸ ಮಾಡಿಸುವುದು ಬೇಡ. ಫೋಟೋ, ವಿಡಿಯೋ ಹಾಕುವ ಮೊದಲು ತಂದೆತಾಯಿಯನ್ನೂ ಕೇಳಿ, ಮಗುವನ್ನೂ ಕೇಳಿ. ಕೆಟ್ಟು ಹೋದ ಒಂದು ಹಾಡಿನ ವಿಡಿಯೋ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಸಾಧ್ಯವಾದರೆ ಆ ಸಂಜೆ ಫೋನುಗಳೇ ಹೊರಗಿರಲಿ.

ವೃದ್ಧಾಶ್ರಮದ ನರ್ಸ್

ನಮ್ಮಲ್ಲಿಗೂ ಬನ್ನಿ. ಆದರೆ ಹೀಗೆ ಬನ್ನಿ ಅಂತ ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ.

ವಯಸ್ಸಾದವರ ಮುಂದೆ ಏನು ನುಡಿಸಿದರೂ ನಡೆಯುತ್ತೆ ಅಂತ ಅರೆಬರೆ ಅಭ್ಯಾಸ ಮಾಡಿಕೊಂಡು ಬರ್ತಾರೆ. ನಡೆಯಲ್ಲ. ನಮ್ಮಲ್ಲಿರೋರು ಅರವತ್ತು ವರ್ಷ ಸಂಗೀತ ಕೇಳಿದವರು. ಅರ್ಧ ಗಂಟೆ ಸಾಕು, ಅದಕ್ಕಿಂತ ಹೆಚ್ಚು ಕೂರೋಕಾಗಲ್ಲ. ಶ್ರವಣಯಂತ್ರ ಹಾಕಿದವರಿಗೆ ಸ್ಪೀಕರ್ ಶಬ್ದ ಚುಚ್ಚುತ್ತೆ, ಮೈಕ್ ಬಿಟ್ಟು ಹತ್ತಿರ ಬಂದು ಕೂತು ಹಾಡಿ. ಅರ್ಧವೃತ್ತವಾಗಿ ಕೂರಿಸಿದರೆ ಎಲ್ಲರಿಗೂ ಹಾಡೋರ ಮುಖ ಕಾಣುತ್ತೆ. ಅವರ ಯೌವನದ ಒಂದೆರಡು ಹಾಡು ಇರಲಿ.

ನಾನು ನೋಡಿದ್ದು ಒಂದು ಹೇಳ್ತೀನಿ. ಒಬ್ಬ ಹುಡುಗ ಕೊಳಲು ನುಡಿಸ್ತಾ ಎರಡನೇ ಸಾಲು ಮರೆತು ನಿಂತುಬಿಟ್ಟ. ಯಾರ ಹೆಸರೂ ನೆನಪಿಲ್ಲದ ಅಜ್ಜಿಯೊಬ್ಬರು ಅಲ್ಲಿಂದಲೇ ಆ ಸಾಲು ಎತ್ತಿಕೊಂಡು ಗುನುಗಿದರು. ಅವನು ಅವರ ಹಿಂದೆಯೇ ಹಿಡಿದು ಹೋದ. ಮುಗಿದ ಮೇಲೆ ಅವರ ಕಾಲ ಹತ್ತಿರ ನೆಲದ ಮೇಲೆ ಕೂತುಕೊಂಡು ಇನ್ನೂ ಎರಡು ಹಾಡು ಹೇಳಿಸಿಕೊಂಡ.

ಕೀಬೋರ್ಡ್ ಹುಡುಗ

ನಾನು ಇಪ್ಪತ್ತರವನು, ಮೂರು ವರ್ಷದಿಂದ ಅಲ್ಲಿ ಇಲ್ಲಿ ನುಡಿಸ್ತಿದ್ದೀನಿ. ಕಲಿಯೋರ ಸಂಜೆಗೆ ದುಡ್ಡು ಬೇಡ, ಸರಿ. ಆದರೆ ಹೆಸರಾದ ಮೇಲೆ ಹೊರಗಿನವರು ಇದೇ ಮಕ್ಕಳನ್ನ ತಮ್ಮ ಸಮಾರಂಭಕ್ಕೆ ಕರೀತಾರೆ, "ಅವಕಾಶ ಕೊಟ್ಟಿದ್ದೇ ದೊಡ್ಡದು" ಅಂತಾರೆ. ಟಿಕೆಟ್ ಮಾರಿ, ಪೆಂಡಾಲಿನವರಿಗೆ, ದೀಪದವರಿಗೆ ಎಲ್ಲ ಕೊಟ್ಟು ನಮಗೆ ಮಾತ್ರ ಕೈ ಮುಗಿದು ಕಳಿಸಿದ್ದಾರೆ. ಯಾರಾದರೂ ದುಡ್ಡು ಮಾಡ್ತಿರೋ ಜಾಗದಲ್ಲಿ ನುಡಿಸೋರಿಗೂ ಪಾಲು ಇರಬೇಕು ಅಂತ ಮೊದಲ ದಿನವೇ ಮಕ್ಕಳಿಗೂ, ಮನೆಯವರಿಗೂ ಹೇಳಿಡಿ. ನಮ್ಮ ಸಂಜೆಯಲ್ಲೂ ಕಾಣಿಕೆ ಡಬ್ಬಿ ಇಟ್ಟರೆ ಅವತ್ತೇ ಎಲ್ಲರ ಎದುರು ಎಣಿಸಿ ಹಂಚಿ.

ಬೇರೆಯವರ ಹಾಡು ಸಾರ್ವಜನಿಕವಾಗಿ ಹಾಡೋಕೆ ಬಹಳ ದೇಶಗಳಲ್ಲಿ ಪರವಾನಗಿ ಬೇಕು. ಕೆಲವು ಕಡೆ ಜಾಗದವರೇ ತೆಗೆದುಕೊಂಡಿರ್ತಾರೆ. ಕೇಳಿ ಖಚಿತ ಮಾಡಿಕೊಳ್ಳಿ.

ಹಳೇ ಶ್ರೋತೃ

ಎಲ್ಲ ಓದಿದೆ. ಆರು ತಿಂಗಳು ಪಳಗಿದ್ದನ್ನೇ ನುಡಿಸಬೇಕು ಅನ್ನೋ ನಿಯಮ ಇಟ್ಟರೆ ನನ್ನ ಆಕ್ಷೇಪದ ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಹಾಗೇ ಇದೆ: ಹೊಗಳಿಕೆ ಅಳತೆ ಮೀರಬಾರದು. ಚೆನ್ನಾಗಿತ್ತು ಅನ್ನೋ ಬದಲು ಏನು ಕೇಳಿಸಿತು ಅಂತ ಹೇಳಿ. ಆ ಏಳು ಜನ ಉಳಿದಿದ್ದರು ಅಂತ ಡ್ರಮ್ಮರ್ ಹುಡುಗ ಬರೆದದ್ದು ಓದಿ ಸಂಕಟವಾಯಿತು. ನಾನು ಬರ್ತೀನಿ ಮೇಷ್ಟ್ರೇ. ಮೊದಲನೇ ಸಾಲಿನಲ್ಲಿ ಕೂರ್ತೀನಿ, ಕೊನೇ ಹಾಡಿನ ತನಕ ಏಳಲ್ಲ. ನನ್ನ ಕೇಳುಗ ಗೆಳೆಯರು ನಾಲ್ವರನ್ನ ಕರೆತರ್ತೀನಿ.

ಪಿಟೀಲು ಮೇಷ್ಟ್ರು

ಐದು ವಾರದ ನಂತರ ಬರೆಯುತ್ತಿದ್ದೇನೆ. ಮೊನ್ನೆ ಮೊದಲನೇ ಸಂಜೆ ನಡೆಯಿತು.

ಒಂದು ಪುಟ ಬರೆದುಕೊಂಡು ಹೋಗಿ ಕೇಳಿದೆವು, ಒಂದು ವಾಚನಾಲಯದ ಕೋಣೆ ಸಿಕ್ಕಿತು. ಮೂವತ್ತು ಕುರ್ಚಿ ಹಾಕಿದ್ದೆವು, ಗೋಡೆಗೊರಗಿಸಿದ್ದರಲ್ಲಿ ಆರು ತೆಗೆಯಬೇಕಾಯಿತು. ಒಂಬತ್ತು ಮಂದಿ ನುಡಿಸಿದರು, ಹಾಡಿದರು. ಪಟ್ಟಿ ಮಾಡಿದ್ದು, ನಿರೂಪಣೆ ಮಾಡಿದ್ದು ಎಲ್ಲ ಅವರೇ. ಭಾಷಣ ಇರಲಿಲ್ಲ. ಕೇಳುವವರೆಲ್ಲ ಕೊನೆಯವರೆಗೂ ಇರಬೇಕು ಅನ್ನುವುದನ್ನು ಡ್ರಮ್ಮರ್ ಹುಡುಗನೇ ಶುರುವಿನಲ್ಲಿ ನಿಂತು ಕೇಳಿಕೊಂಡ, ಒಬ್ಬರೂ ಏಳಲಿಲ್ಲ.

ಕೆಟ್ಟದ್ದೂ ಹೇಳಬೇಕು. ಎಂಟು ನಿಮಿಷ ಅಂದದ್ದು ಇಬ್ಬರಿಗೆ ಹದಿನಾಲ್ಕಾಯಿತು. ಒಬ್ಬರಿಂದ ಒಬ್ಬರಿಗೆ ವಾದ್ಯ ಬದಲಿಸುವುದಕ್ಕೇ ಇಪ್ಪತ್ತು ನಿಮಿಷ ಹೋಯಿತು, ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಏಳೂವರೆಗೆ ಮುಗಿಸುತ್ತೇವೆ ಅಂದ ಮಾತು ಉಳಿಯಲಿಲ್ಲ, ಬೀಗ ಹಾಕುವವರ ಹತ್ತಿರ ಕ್ಷಮೆ ಕೇಳಿದೆ. ಮುಂದಿನ ಸಲ ಒಂಬತ್ತರ ಬದಲು ಏಳು ಮಂದಿ.

ಆ ಹುಡುಗಿ ನಾಲ್ಕನೆಯವಳಾಗಿ ಬಂದಳು. ದೀರ್ಘ ಸ್ವರದಿಂದ ಶುರು ಮಾಡುವುದು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಚುರುಕಾದ ಸಣ್ಣ ಎಳೆತದ್ದನ್ನು ಮೊದಲು ನುಡಿಸಿದಳು. ಕೈ ಬೆಚ್ಚಗಾದ ಮೇಲೆ ಅವತ್ತು ಅರ್ಧಕ್ಕೆ ನಿಂತದ್ದನ್ನೇ ಎತ್ತಿಕೊಂಡಳು. ನಡುವೆ ಒಂದು ಕಡೆ ಕಮಾನು ಮತ್ತೆ ಅದುರಿತು. ನಿಲ್ಲಿಸಲಿಲ್ಲ, ಎಳೆತ ಸ್ವಲ್ಪ ವೇಗ ಮಾಡಿ ದಾಟಿಬಿಟ್ಟಳು. ಹಳೇ ಶ್ರೋತೃಗಳು ಆಮೇಲೆ ಅವಳ ಹತ್ತಿರ ಹೋಗಿ, "ಎರಡನೇದರಲ್ಲಿ ಮೇಲಿನ ಷಡ್ಜ ಹಿಡಿದೆಯಲ್ಲಮ್ಮ, ಅದು ಶ್ರುತಿಗೆ ಕೂತಿತ್ತು. ಅದಕ್ಕೆ ಮೊದಲು ಓಡಿದೆ" ಅಂದರು. ಅವಳು ತಲೆಯಾಡಿಸಿ, ಪುಸ್ತಕ ತೆಗೆದು ಬರೆದುಕೊಂಡಳು.

ಗಾಯಕಿಯ ಅಪ್ಪ

ನನ್ನ ಮಗಳು ಕೊನೇ ಸಾಲಲ್ಲಿ ಕೂತು ಕೇಳಿದಳು. ಮನೆಗೆ ಬರ್ತಾ ದಾರಿಯಲ್ಲಿ ಮುಂದಿನ ಸಲ ತಂಬೂರಿ ಹಿಡಿದು ಕೂರ್ತೀನಿ ಅಂದಿದ್ದಾಳೆ. ನಾನು ಏನೂ ಹೇಳೋಕೆ ಹೋಗಿಲ್ಲ.

ಹದಿನೇಳರ ಡ್ರಮ್ಮರ್

ಬಾಗಿಲಿಗೆ ಅಂಟಿಸಿದ್ದ ಹಾಳೆ ನನ್ನ ಹತ್ತಿರ ಇದೆ. ಮುಂದಿನ ತಿಂಗಳಿಗೆ ಹೊರಡೋ ಮುಂಚೆಯೇ ಹನ್ನೊಂದು ಹೆಸರು ಬರೆದು ಹೋಗಿದ್ದಾರೆ, ಮೊದಲನೇದು ಆ ಪಿಟೀಲಿನ ಹುಡುಗೀದು. ಏಳೇ ಜನ ಅಂದರೆ ನಾಲ್ವರು ಅದರಾಚೆ ತಿಂಗಳಿಗೆ ಹೋಗಬೇಕು, ಅವರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಕೀಬೋರ್ಡ್ ಸ್ಟ್ಯಾಂಡ್ ಒಂದು ಬೇಕಿತ್ತು, ಮೊನ್ನೆ ಮೇಜಿನ ಮೇಲಿಟ್ಟು ನುಡಿಸಿ ಕೀಬೋರ್ಡ್ ಅಣ್ಣನ ಬೆನ್ನು ಹಿಡ್ಕೊಂಡಿದೆ. ಯಾರ ಹತ್ತಿರ ಇದೆ?

ಮಿಕ್ಸರ್ ಹಿಂದಿನವನು

ನನ್ನ ಹತ್ತಿರ ಇದೆ. ಐದು ಗಂಟೆಗೇ ಬಾ, ಹಾಕೋದು ತೋರಿಸ್ತೀನಿ.